ಬೇಕಾದಷ್ಟೇ ವೇಗ

ಶುಕ್ರವಾರ ಸಂಜೆ ಏಳು ದಾಟಿತೆಂದರೆ ಪುಣೆಯಿಂದ ಕಾತ್ರಜ್ ಕಡೆಗೆ ಹೊರಳುವ ಕಾರುಗಳ ಸಾಲಿನಲ್ಲಿ ಕೆಎ 22, ಕೆಎ 25, ಕೆಎ 63 ನಂಬರುಗಳು ಒಂದರ ಹಿಂದೊಂದು ಕಾಣಸಿಗುತ್ತವೆ. ಅವು ಬೆಳಗಾವಿ, ಧಾರವಾಡ, ಹುಬ್ಬಳ್ಳಿಯ ಗಾಡಿಗಳು. ವಾರವಿಡೀ ದುಡಿದು ದಣಿದವರು ರಾತ್ರಿಯೆಲ್ಲ ಗಾಡಿ ಓಡಿಸಿ, ಬೆಳಗಿನ ಚಹಾದ ಹೊತ್ತಿಗೆ ಊರ ಅಂಗಳದಲ್ಲಿ ಇರಬೇಕೆಂಬ ಅವಸರದಲ್ಲಿ ಇರುತ್ತಾರೆ. ಹದಿನಾರು ವರ್ಷದಿಂದ ನಾನೂ ಆ ಸಾಲಿನಲ್ಲಿ ಒಬ್ಬ. ಚಾಕಣದ ಕಡೆಯ ಕಾರ್ಖಾನೆಯೊಂದರಲ್ಲಿ ಬ್ರೇಕಿನ ಬಿಡಿಭಾಗಗಳನ್ನು ಪರೀಕ್ಷಿಸುವುದು ನನ್ನ ಹೊಟ್ಟೆಪಾಡು.

ನಮ್ಮ ವಿಭಾಗದಲ್ಲಿ ಗದಗ ಕಡೆಯ ಹುಡುಗನೊಬ್ಬನಿದ್ದಾನೆ. ಊರಿಗೆ ಹೋಗಿ ಬಂದಾಗಲೆಲ್ಲ, ಈ ಸಲ ಎಷ್ಟು ತಾಸಿನಲ್ಲಿ ಹುಬ್ಬಳ್ಳಿ ಮುಟ್ಟಿದೆ ಎಂಬುದನ್ನು ಪದಕ ಗೆದ್ದವನಂತೆ ಹೇಳುತ್ತಾನೆ. ಹೋದ ತಿಂಗಳು ಊಟದ ಹೊತ್ತಿನಲ್ಲಿ, ಪ್ರಪಂಚದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಾರು ಓಡಿಸಿದವರು ಯಾರು ಅಣ್ಣಾ ಎಂದು ಕೇಳಿದ. ಶೂಮಾಕರ್, ಸೆನ್ನಾ, ಹ್ಯಾಮಿಲ್ಟನ್ ಹೆಸರನ್ನು ನಿರೀಕ್ಷಿಸಿದ್ದನೇನೋ. ನಾನು ಹುವಾನ್ ಮ್ಯಾನುಯೆಲ್ ಫ್ಯಾಂಜಿಯೊ ಎಂದೆ. ಆತ ಹೆಸರೇ ಕೇಳಿರಲಿಲ್ಲ. ಅವನಿಗೆ ಹೇಳಿದ ಕತೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಲೂಗಡ್ಡೆಯ ಊರಿನ ಮೆಕ್ಯಾನಿಕ್

ಫ್ಯಾಂಜಿಯೊ ಹುಟ್ಟಿದ್ದು 1911ರ ಜೂನ್ 24ರಂದು, ಅರ್ಜೆಂಟೀನಾದ ಬಾಲ್ಕಾರ್ಸೆ ಎಂಬ ಊರಿನಲ್ಲಿ. ರಾಜಧಾನಿ ಬ್ಯೂನಸ್ ಐರಿಸ್‌ನಿಂದ ದಕ್ಷಿಣಕ್ಕೆ ಸುಮಾರು 400 ಕಿ.ಮೀ. ದೂರ. ನಮ್ಮ ಹಾಸನದ ಹಾಗೆ ಆಲೂಗಡ್ಡೆಗೆ ಹೆಸರಾದ ಸೀಮೆ. ಅಪ್ಪ ಅಮ್ಮ ಇಬ್ಬರೂ ಇಟಲಿಯಿಂದ ಹೊಟ್ಟೆಪಾಡಿಗೆ ಬಂದ ಮನೆತನದವರು. ಅಪ್ಪ ಗಾರೆ ಕೆಲಸದವನು. ಆರು ಮಕ್ಕಳಲ್ಲಿ ಫ್ಯಾಂಜಿಯೊ ನಾಲ್ಕನೆಯವನು. ಅಂದರೆ ವಲಸೆ ಎಂಬುದು ಆತನಿಗೆ ಹುಟ್ಟುವ ಮೊದಲೇ ಅಂಟಿಕೊಂಡಿತ್ತು.

ಹನ್ನೆರಡು ಹದಿಮೂರರ ವಯಸ್ಸಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರಿದ. ನೆಲ ಗುಡಿಸಿ, ಬೋಲ್ಟು ತೊಳೆದು, ಎಂಜಿನ್ ಬಿಚ್ಚಿ ಕೂಡಿಸುತ್ತ ಕಲಿತ. ಫುಟ್‌ಬಾಲ್ ಚೆನ್ನಾಗಿ ಆಡುತ್ತಿದ್ದ, ಕಾಲುಗಳು ಕೊಂಚ ಬಾಗಿದ್ದವು. ಹಾಗಾಗಿ ಗೆಳೆಯರು ಇಟ್ಟ ಅಡ್ಡಹೆಸರು ಎಲ್ ಚುಯೆಕೊ, ಅಂದರೆ ಸೊಟ್ಟಗಾಲಿನವ. ಜಗತ್ತೇ ತಲೆಬಾಗಿದ ಮೇಲೂ ಆತನ ದೇಶದಲ್ಲಿ ಆ ಹೆಸರೇ ಉಳಿಯಿತು.

ಸೈನ್ಯದ ಕಡ್ಡಾಯ ಸೇವೆ ಮುಗಿಸಿ ಊರಿಗೆ ಮರಳಿ ಗೆಳೆಯರೊಂದಿಗೆ ಸ್ವಂತ ಗ್ಯಾರೇಜು ತೆರೆದ. 1936ರಲ್ಲಿ ಮೊದಲ ಸಲ ಪಂದ್ಯಕ್ಕಿಳಿದಾಗ ಓಡಿಸಿದ್ದು ಒಂದು ಫೋರ್ಡ್ ಟ್ಯಾಕ್ಸಿ. ಬಾಡಿಗೆ ಗಾಡಿಯನ್ನು ಎರವಲು ತಂದು ಬಿಚ್ಚಿ ಪಂದ್ಯಕ್ಕೆ ಅಣಿಮಾಡಿದ್ದರು.

ಆಗ ಅರ್ಜೆಂಟೀನಾದ ಪಂದ್ಯಗಳೆಂದರೆ ಸುತ್ತು ಹೊಡೆಯುವ ಟ್ರ್ಯಾಕಿನವಲ್ಲ. ಊರಿಂದೂರಿಗೆ, ದೇಶದಿಂದ ದೇಶಕ್ಕೆ, ಮಣ್ಣುರಸ್ತೆ, ಕೆಸರು, ಹೊಳೆ, ಬೆಟ್ಟ ದಾಟಿ ದಿನಗಟ್ಟಲೆ ಓಡುವ ಪಂದ್ಯಗಳು. ಒಳ್ಳೆಯ ಕಾರು ಕೊಳ್ಳಲು ಫ್ಯಾಂಜಿಯೊನ ಕೈಯಲ್ಲಿ ಹಣವಿರಲಿಲ್ಲ. ಬಾಲ್ಕಾರ್ಸೆಯ ಜನ ಚಂದಾ ಎತ್ತಿ ಷೆವರ್ಲೆ ಕಾರು ಕೊಡಿಸಿದರು. 1940ರಲ್ಲಿ ಬ್ಯೂನಸ್ ಐರಿಸ್‌ನಿಂದ ಪೆರುವಿನ ಲಿಮಾಕ್ಕೆ ಹೋಗಿ ಮರಳಿ ಬರುವ, ಸುಮಾರು 9,500 ಕಿ.ಮೀ. ಉದ್ದದ ಪಂದ್ಯವನ್ನು ಆತ ಗೆದ್ದ. ಆಂಡೀಸ್ ಪರ್ವತದ ನೆತ್ತಿಯಲ್ಲಿ ಉಸಿರಾಡುವುದೇ ಕಷ್ಟ. ಅಲ್ಲಿ ಎಂಜಿನ್ನಿಗೂ ಗಾಳಿ ಸಾಲದು. ದಾರಿಯಲ್ಲಿ ಕೆಟ್ಟರೆ ತಾನೇ ರಿಪೇರಿ ಮಾಡಬೇಕು. ಆತನ ಕೈಚಳಕದ ಬೇರು ಇಲ್ಲಿದೆ. ಗಾಡಿ ಯಾವ ಸದ್ದು ಮಾಡಿದರೆ ಯಾವ ಭಾಗ ಸಾಯುತ್ತಿದೆ ಎಂದು ಆತನಿಗೆ ಗೊತ್ತಾಗುತ್ತಿತ್ತು. ಗಾಡಿಯನ್ನು ಮನೆಯವರೆಗೆ ಉಳಿಸಿಕೊಂಡು ಬರುವವನೇ ಗೆಲ್ಲುವವನು ಎಂಬುದನ್ನು ಆ ರಸ್ತೆಗಳೇ ಕಲಿಸಿದವು. 1940, 1941 ಎರಡೂ ವರ್ಷ ಆತನೇ ಅರ್ಜೆಂಟೀನಾದ ಚಾಂಪಿಯನ್.

ನಂತರ ಮಹಾಯುದ್ಧದ ಕಾಲ. ಪಂದ್ಯಗಳು ನಿಂತವು. ಮತ್ತೆ ಸ್ಟೀರಿಂಗ್ ಹಿಡಿದದ್ದು 1947ರಲ್ಲಿ, ಮೂವತ್ತೈದು ದಾಟಿದ ಮೇಲೆ.

ಪೆರುವಿನ ಆ ತಿರುವು

1948ರಲ್ಲಿ ಬ್ಯೂನಸ್ ಐರಿಸ್‌ನಿಂದ ವೆನೆಜುವೆಲಾದ ಕರಾಕಸ್‌ವರೆಗೆ ಇನ್ನೊಂದು ಮಹಾಪಂದ್ಯ ನಡೆಯಿತು. ಫ್ಯಾಂಜಿಯೊನ ಪಕ್ಕದ ಸೀಟಿನಲ್ಲಿ ಸಹಚಾಲಕನಾಗಿ ಕೂತವನು ಗೆಳೆಯ ಡೇನಿಯಲ್ ಉರ್ರೂಟಿಯಾ. ಪೆರುವಿನಲ್ಲಿ, ಕತ್ತಲು ಮತ್ತು ಮಂಜಿನಲ್ಲಿ, ವೇಗವಾಗಿ ಹೋಗುತ್ತಿದ್ದಾಗ ಎದುರಾದ ತಿರುವಿಗೆ ಕಾರು ಹೊರಳಲಿಲ್ಲ. ರಸ್ತೆ ಬಿಟ್ಟು ಉರುಳಿತು. ಪ್ರತಿಸ್ಪರ್ಧಿ ಓಸ್ಕರ್ ಗಾಲ್ವೆಜ್ ಓಟ ನಿಲ್ಲಿಸಿ ನೆರವಿಗೆ ಧಾವಿಸಿದ. ಫ್ಯಾಂಜಿಯೊ ಗಾಯಗಳೊಂದಿಗೆ ಉಳಿದ. ಕಾರಿನಿಂದ ಹೊರಕ್ಕೆ ಎಸೆಯಲ್ಪಟ್ಟಿದ್ದ ಉರ್ರೂಟಿಯಾ ಬದುಕಲಿಲ್ಲ.

ವೇಗದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ಓಡಿಸುವವನ ಸಾಹಸದ ಬೆಲೆಯನ್ನು ಎಷ್ಟೋ ಸಲ ಪಕ್ಕದ ಸೀಟಿನವನು ತೆರುತ್ತಾನೆ. ಇನ್ನು ಸ್ಟೀರಿಂಗ್ ಮುಟ್ಟುವುದೇ ಬೇಡ ಎಂಬ ಯೋಚನೆ ಫ್ಯಾಂಜಿಯೊನ ಮನಸ್ಸಿಗೆ ಬಂತು. ಕೊನೆಗೆ ಬಿಡಲಿಲ್ಲ. ಆದರೆ ಆ ರಾತ್ರಿಯ ಭಾರ ಆತನೊಂದಿಗೆ ಉಳಿಯಿತು.

ಮರುವರ್ಷ, 1949ರಲ್ಲಿ, ಅರ್ಜೆಂಟೀನಾದ ಆಟೊಮೊಬೈಲ್ ಕ್ಲಬ್ಬು ಸರ್ಕಾರದ ಬೆಂಬಲದಿಂದ ಆತನನ್ನು ಯುರೋಪಿಗೆ ಕಳಿಸಿತು. ಮೂವತ್ತೆಂಟರ ಹೊಸ್ತಿಲಲ್ಲಿದ್ದ, ತಲೆಗೂದಲು ತೆಳುವಾಗುತ್ತಿದ್ದ ಮೆಕ್ಯಾನಿಕ್. ಅಪ್ಪ ಅಮ್ಮನ ಮನೆತನ ಬಿಟ್ಟುಬಂದ ಖಂಡಕ್ಕೆ ಮಗ ಕೆಲಸ ಹುಡುಕಿ ಹೋದಂತಾಯಿತು. ಆ ವಯಸ್ಸಿಗೆ ಇಂದಿನ ಓಟಗಾರರು ನಿವೃತ್ತಿಯ ಲೆಕ್ಕ ಹಾಕುತ್ತಿರುತ್ತಾರೆ. ಆತ ಇಟಲಿಯ ಸ್ಯಾನ್ ರೆಮೊದಲ್ಲಿ ಮೊದಲ ಪಂದ್ಯವನ್ನೇ ಗೆದ್ದ. ಆ ಒಂದೇ ಹಂಗಾಮಿನಲ್ಲಿ ಒಟ್ಟು ಆರು ಗೆಲುವು. ಮರುವರ್ಷ ವಿಶ್ವ ಚಾಂಪಿಯನ್‌ಷಿಪ್ ಶುರುವಾದಾಗ ಆಲ್ಫಾ ರೋಮಿಯೊ ತಂಡ ಆತನನ್ನು ಕರೆದುಕೊಂಡಿತು.

ಕೈಚಳಕ ಎಂದರೆ ಏನು

ಆ ಕಾಲದ ಕಾರುಗಳನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ತೆಳ್ಳನೆಯ ಟೈರು, ಮುಂದೆ ಉದ್ದ ಎಂಜಿನ್, ಬೆನ್ನ ಹಿಂದೆ ಪೆಟ್ರೋಲ್ ಟ್ಯಾಂಕು. ಸೀಟ್ ಬೆಲ್ಟ್ ಇಲ್ಲ. ಫ್ಯಾಂಜಿಯೊ ತೊಡುತ್ತಿದ್ದುದು ಅರ್ಧ ತೋಳಿನ ಅಂಗಿ. ಇಂಥ ಗಾಡಿ ನೇರ ರಸ್ತೆಯಲ್ಲಿ ಗಂಟೆಗೆ 250 ಕಿ.ಮೀ. ಮೀರುತ್ತಿತ್ತು. ರಸ್ತೆಯ ಅಂಚಿನಲ್ಲಿ ಮರ, ಹುಲ್ಲಿನ ಮೂಟೆ, ಜನ.

ನೇರದಲ್ಲಿ ಓಡಿಸುವುದು ದೊಡ್ಡ ವಿದ್ಯೆಯಲ್ಲ. ವಿದ್ಯೆಯೆಲ್ಲ ತಿರುವಿನಲ್ಲಿದೆ. ಟೈರಿಗೆ ನೆಲವನ್ನು ಹಿಡಿಯುವ ಶಕ್ತಿ ಇಂತಿಷ್ಟೇ ಎಂದಿರುತ್ತದೆ. ಬ್ರೇಕಿಗೆ, ತಿರುವಿಗೆ, ವೇಗ ಏರಿಸಲಿಕ್ಕೆ ಮೂರಕ್ಕೂ ಆ ಒಂದೇ ಗಂಟಿನಿಂದ ಖರ್ಚಾಗಬೇಕು. ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಉಳಿಯುವುದಿಲ್ಲ. ಗಂಟು ಖಾಲಿಯಾದ ಕ್ಷಣ ಗಾಡಿ ಜಾರುತ್ತದೆ. ಫ್ಯಾಂಜಿಯೊ ಮತ್ತು ಆತನ ಓರಗೆಯವರು ಆ ಅಂಚಿನ ಮೇಲೆಯೇ ಗಾಡಿಯನ್ನು ನಿಲ್ಲಿಸುತ್ತಿದ್ದರು. ತಿರುವಿಗೆ ಮುಂಚೆಯೇ ಕಾರಿನ ಮೂತಿಯನ್ನು ಒಳಕ್ಕೆ ತಿರುಗಿಸಿ, ನಾಲ್ಕೂ ಚಕ್ರ ಒಂದೇ ಸಮನೆ ಸ್ವಲ್ಪ ಹೊರಕ್ಕೆ ಜಾರುವಂತೆ ಬಿಟ್ಟು, ಸ್ಟೀರಿಂಗಿಗಿಂತ ಹೆಚ್ಚಾಗಿ ಆಕ್ಸಿಲರೇಟರ್ ಮೇಲಿನ ಪಾದದಿಂದಲೇ ದಿಕ್ಕು ಹಿಡಿಯುತ್ತಿದ್ದರು. ಹೊರಗಿನವರಿಗೆ ಅದು ನೀರಿನಲ್ಲಿ ದೋಣಿ ಹೊರಳಿದಷ್ಟು ಸಲೀಸು. ಪಾದ ಒಂದಿಷ್ಟು ಹೆಚ್ಚಾದರೆ ಕಾರು ಗಿರಗಿಟ್ಟಲೆ. ದಿಢೀರನೆ ತೆಗೆದರೂ ಅಷ್ಟೇ.

ಆದರೆ ಆತನ ದೊಡ್ಡ ಕೈಚಳಕ ಇರುತ್ತಿದ್ದುದು ಕಣ್ಣಿನಲ್ಲಿ. 1950ರ ಮೇ ತಿಂಗಳಲ್ಲಿ ಮೊನಾಕೊದ ಪಂದ್ಯ. ಮೊದಲ ಸುತ್ತಿನಲ್ಲೇ, ಸಮುದ್ರದ ಅಲೆ ನುಗ್ಗಿ ಒದ್ದೆಯಾಗಿದ್ದ ತಿರುವಿನಲ್ಲಿ ಕಾರುಗಳು ಒಂದಕ್ಕೊಂದು ಡಿಕ್ಕಿಯಾಗಿ ದಾರಿ ಕಟ್ಟಿತ್ತು. ಎಲ್ಲರಿಗಿಂತ ಮುಂದಿದ್ದ ಫ್ಯಾಂಜಿಯೊನಿಗೆ ಅದು ಗೊತ್ತಿಲ್ಲ. ಎರಡನೇ ಸುತ್ತಿನಲ್ಲಿ ಅದೇ ಕಡೆಗೆ ಪೂರ್ತಿ ವೇಗದಲ್ಲಿ ಬರುತ್ತಿದ್ದಾನೆ. ತಿರುವಿನ ಆಚೆ ಏನೂ ಕಾಣದು. ಆದರೆ ಅಂದು ಪ್ರೇಕ್ಷಕರ ಗುಂಪಿನ ಬಣ್ಣ ಬೇರೆಯಾಗಿತ್ತು. ಮುಂದಿರುವವನು ಬರುವಾಗ ಎಲ್ಲ ಮುಖಗಳೂ ಅವನತ್ತ ಇರಬೇಕು. ಇಲ್ಲಿ ಮುಖಗಳ ಬದಲು ತಲೆಗಳ ಹಿಂಭಾಗ ಕಾಣುತ್ತಿತ್ತು. ತನಗಿಂತ ನೋಡತಕ್ಕದ್ದು ಮುಂದೇನೋ ಇದೆ ಎಂದು ಅರಿತು ಬ್ರೇಕ್ ಒತ್ತಿದ. 1936ರಲ್ಲಿ ಅಲ್ಲೇ ಆದ ಇಂಥದೇ ಅಪಘಾತದ ಚಿತ್ರವೊಂದನ್ನು ಹಿಂದಿನ ದಿನ ನೋಡಿದ್ದೂ ನೆನಪಿಗೆ ಬಂತು. ಮುರಿದ ಕಾರುಗಳ ನಡುವೆ ನುಸುಳಿ ಹೊರಬಂದು ಪಂದ್ಯವನ್ನು ಗೆದ್ದ.

1951ರಲ್ಲಿ, ನಲವತ್ತನೇ ವಯಸ್ಸಿನಲ್ಲಿ, ಮೊದಲ ಸಲ ವಿಶ್ವ ಚಾಂಪಿಯನ್ ಆದ.

ನಿದ್ದೆಗೆಟ್ಟ ಒಂದು ರಾತ್ರಿ

ಗದಗಿನ ಹುಡುಗನಿಗೆ ನಾನು ಮುಖ್ಯವಾಗಿ ಹೇಳಬೇಕೆಂದಿದ್ದುದು 1952ರ ಜೂನ್ ತಿಂಗಳ ಕತೆ. ಶನಿವಾರ ಉತ್ತರ ಐರ್ಲೆಂಡಿನಲ್ಲಿ ಒಂದು ಪಂದ್ಯ. ಭಾನುವಾರ ಮಧ್ಯಾಹ್ನ ಇಟಲಿಯ ಮೊಂಜಾದಲ್ಲಿ ಇನ್ನೊಂದು. ಬರುತ್ತೇನೆಂದು ಮಾತು ಕೊಟ್ಟಾಗಿತ್ತು. ನೆಚ್ಚಿದ ವಿಮಾನ ಸಿಗಲಿಲ್ಲ. ಪ್ಯಾರಿಸ್‌ವರೆಗೆ ಹೇಗೋ ಬಂದು, ಅಲ್ಲಿಂದ ಕಾರಿನಲ್ಲಿ ರಾತ್ರಿಯೆಲ್ಲ ಆಲ್ಪ್ಸ್ ಬೆಟ್ಟ ದಾಟಿ, 800 ಕಿ.ಮೀ.ಗೂ ಮೀರಿದ ದಾರಿ ಸವೆಸಿ, ಪಂದ್ಯಕ್ಕೆ ಅರ್ಧ ಗಂಟೆ ಇರುವಾಗ ಮೊಂಜಾ ತಲುಪಿದ. ಅಭ್ಯಾಸದ ಸುತ್ತುಗಳನ್ನು ಹಾಕದ ಕಾರಣ ಕೊನೆಯ ಸಾಲಿನಿಂದ ಹೊರಡಬೇಕಾಯಿತು.

ಎರಡನೇ ಸುತ್ತಿನಲ್ಲಿ ಕಾರು ಜಾರಿತು. ಬೇರೆ ದಿನವಾಗಿದ್ದರೆ ಆತ ಯೋಚಿಸದೆಯೇ ಸರಿಪಡಿಸುತ್ತಿದ್ದ ಜಾರುವಿಕೆ ಅದು. ಅಂದು ಕೈ ಒಂದು ಗಳಿಗೆ ತಡವಾಯಿತು. ಕಾರು ಹುಲ್ಲಿನ ದಿಬ್ಬಕ್ಕೆ ಬಡಿದು ಹಾರಿತು, ಆತ ಹೊರಕ್ಕೆ ಎಸೆಯಲ್ಪಟ್ಟ. ಕುತ್ತಿಗೆಯ ಮೂಳೆ ಮುರಿಯಿತು. ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಇರಬೇಕಾಯಿತು, ಆ ವರ್ಷದ ಪಂದ್ಯಗಳೆಲ್ಲ ಕೈತಪ್ಪಿದವು. ಕಾರಣವನ್ನು ಆತ ಟೈರಿನ ಮೇಲಾಗಲಿ ಟ್ರ್ಯಾಕಿನ ಮೇಲಾಗಲಿ ಹಾಕಲಿಲ್ಲ. ದಣಿದಿದ್ದೆ, ಓಡಿಸಬಾರದಿತ್ತು ಎಂಬುದೇ ಆತನ ತೀರ್ಮಾನ. ಜಗತ್ತಿನ ಅತಿ ಚುರುಕಾದ ಕೈಯನ್ನೂ ಒಂದು ರಾತ್ರಿಯ ನಿದ್ದೆಗೇಡು ಸೋಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮರಳಿ ಬಂದವನು ಇನ್ನಷ್ಟು ಪಳಗಿದ್ದ. 1953ರ ಮಿಲ್ಲೆ ಮಿಲ್ಯ ಪಂದ್ಯದಲ್ಲಿ, ಇಟಲಿಯ ರಸ್ತೆಗಳ ಮೇಲೆ ಸುಮಾರು 1,500 ಕಿ.ಮೀ. ಓಡುವಾಗ, ಸ್ಟೀರಿಂಗಿನ ಸಂಪರ್ಕ ಕಳಚಿ ಮುಂದಿನ ಒಂದೇ ಚಕ್ರ ಮಾತು ಕೇಳುತ್ತಿತ್ತು. ಹಾಗೇ ಓಡಿಸಿ ಎರಡನೆಯವನಾಗಿ ಗುರಿ ಮುಟ್ಟಿದ. 1954ರಲ್ಲಿ ಮಾಸೆರಾಟಿ ಮತ್ತು ಮರ್ಸಿಡಿಸ್, 1955ರಲ್ಲಿ ಮರ್ಸಿಡಿಸ್, 1956ರಲ್ಲಿ ಫೆರಾರಿ, 1957ರಲ್ಲಿ ಮತ್ತೆ ಮಾಸೆರಾಟಿ ಕಾರುಗಳಲ್ಲಿ ನಾಲ್ಕು ವರ್ಷ ಸತತ ಚಾಂಪಿಯನ್. ತಂಡ ಯಾವುದಾದರೂ ಸರಿ, ಹೋದ ಕಡೆ ಮೆಕ್ಯಾನಿಕ್‌ಗಳ ಗೆಳೆತನವನ್ನು ಮೊದಲು ಸಂಪಾದಿಸುತ್ತಿದ್ದ. ತಾನೂ ಅವರಲ್ಲೊಬ್ಬನೆಂಬುದನ್ನು ಮರೆತಿರಲಿಲ್ಲ.

ಆ ವರ್ಷಗಳು ಸಾವಿನ ವರ್ಷಗಳೂ ಹೌದು. ಆತನ ಶಿಷ್ಯನಂತಿದ್ದ ಅರ್ಜೆಂಟೀನಾದ ಒನೊಫ್ರೆ ಮರಿಮೊನ್ 1954ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಅಭ್ಯಾಸದ ವೇಳೆ ಸತ್ತ. 1955ರ ಮೇ ತಿಂಗಳಲ್ಲಿ ಸಮಬಲದ ಎದುರಾಳಿ ಆಲ್ಬರ್ಟೊ ಅಸ್ಕಾರಿ ಹೋದ. ಅದೇ ಜೂನ್ 11ರಂದು ಫ್ರಾನ್ಸಿನ ಲ ಮಾನ್‌ನಲ್ಲಿ, ಫ್ಯಾಂಜಿಯೊನ ಮುಂದೆಯೇ ಹೋಗುತ್ತಿದ್ದ ಪಿಯೆರ್ ಲೆವೆಘ್‌ನ ಮರ್ಸಿಡಿಸ್ ಇನ್ನೊಂದು ಕಾರಿಗೆ ತಗುಲಿ ಗಾಳಿಗೆ ಹಾರಿ ಪ್ರೇಕ್ಷಕರ ಮೇಲೆ ಬಿತ್ತು. ಲೆವೆಘ್ ಸೇರಿ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಡಿಕ್ಕಿಗೆ ಮುಂಚಿನ ಕ್ಷಣದಲ್ಲಿ ಲೆವೆಘ್ ಕೈ ಎತ್ತಿದ್ದ. ಅದು ಹಿಂದೆ ಬರುತ್ತಿದ್ದ ತನಗೆ ಕೊಟ್ಟ ಎಚ್ಚರಿಕೆ, ಅದರಿಂದಲೇ ತಾನು ಉಳಿದೆ ಎಂದು ಫ್ಯಾಂಜಿಯೊ ಕೊನೆಯವರೆಗೂ ನಂಬಿದ್ದ.

ನಲವತ್ತೆಂಟು ಸೆಕೆಂಡು

ಗೆಲ್ಲಲು ಎಷ್ಟು ಬೇಕೋ ಅಷ್ಟೇ ವೇಗ, ಅದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚು ಬೇಡ ಎಂಬುದು ಫ್ಯಾಂಜಿಯೊನ ನಿಯಮ. ಆ ನಿಯಮವನ್ನು ತಿಳಿದೂ ತಿಳಿದು ಮುರಿದ ದಿನವೇ ಆತನ ಅತಿ ದೊಡ್ಡ ದಿನವಾಯಿತು.

1957ರ ಆಗಸ್ಟ್ 4, ನ್ಯೂರ್‌ಬರ್ಗ್‌ರಿಂಗ್. ಕಾಡುಬೆಟ್ಟಗಳ ನಡುವೆ ಒಂದು ಸುತ್ತಿಗೆ ಸುಮಾರು 22.8 ಕಿ.ಮೀ., ನೂರೈವತ್ತಕ್ಕೂ ಮಿಕ್ಕ ತಿರುವುಗಳು, ಒಟ್ಟು 22 ಸುತ್ತು. ಫೆರಾರಿಯ ಮೈಕ್ ಹಾಥಾರ್ನ್ ಮತ್ತು ಪೀಟರ್ ಕಾಲಿನ್ಸ್ ಟ್ಯಾಂಕು ತುಂಬಿಸಿಕೊಂಡು ನಡುವೆ ನಿಲ್ಲದೆ ಓಡುವವರಿದ್ದರು. ಫ್ಯಾಂಜಿಯೊ ಅರ್ಧ ಟ್ಯಾಂಕು, ಮೆತ್ತನೆಯ ಟೈರಿನೊಂದಿಗೆ ಹೊರಟ. ಗಾಡಿ ಹಗುರ, ಹಿಡಿತ ಹೆಚ್ಚು. ಅರ್ಧ ಹಾದಿಯಲ್ಲಿ ನಿಂತು ಪೆಟ್ರೋಲು, ಟೈರು ಹಾಕಿಸಿಕೊಳ್ಳುವಷ್ಟು ಸಮಯವನ್ನು ಅಷ್ಟರಲ್ಲಿ ಗಳಿಸಬೇಕು. ಲೆಕ್ಕ ಸರಿಯಾಗಿತ್ತು. ಅರ್ಧ ನಿಮಿಷದಷ್ಟು ಮುಂದಿದ್ದು ಪಿಟ್‌ಗೆ ಬಂದ. ಅಲ್ಲಿ ಮೆಕ್ಯಾನಿಕ್‌ಗಳ ಕೈ ತಡವರಿಸಿ ಹೊತ್ತು ಜಾರಿಹೋಯಿತು. ಮರಳಿ ಹೊರಟಾಗ ಆತ ಸುಮಾರು 48 ಸೆಕೆಂಡು ಹಿಂದೆ.

ಮೊದಲು ಹೊಸ ಟೈರು ಹದಕ್ಕೆ ಬರುವವರೆಗೆ ತಾಳ್ಮೆಯಿಂದ ಓಡಿಸಿದ. ಎದುರಾಳಿಗಳು ನಿರಾಳವಾದರು. ಆಮೇಲೆ ಶುರು ಮಾಡಿದ. ಎಂದೂ ಬಳಸದ ಮೇಲಿನ ಗೇರನ್ನು ತಿರುವುಗಳಲ್ಲಿ ಬಳಸಿದ. ನೆಲ ಬಿಟ್ಟು ಕಾರು ಜಿಗಿಯುವ ದಿಬ್ಬಗಳಲ್ಲಿ ಪಾದ ತೆಗೆಯಲಿಲ್ಲ. ಸುತ್ತಿನ ದಾಖಲೆಯನ್ನು ಮತ್ತೆ ಮತ್ತೆ ಮುರಿದ. ಹಿಂದಿನ ವರ್ಷ ಆತನೇ ಮಾಡಿದ್ದ ದಾಖಲೆ 9 ನಿಮಿಷ 41.6 ಸೆಕೆಂಡು. ಅಂದು ಅದನ್ನು 9 ನಿಮಿಷ 17.4 ಸೆಕೆಂಡಿಗೆ ಇಳಿಸಿದ. ಕೊನೆಯದಕ್ಕಿಂತ ಹಿಂದಿನ ಸುತ್ತಿನಲ್ಲಿ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ದಾಟಿ 3.6 ಸೆಕೆಂಡಿನಿಂದ ಗೆದ್ದ. ಆಗ ವಯಸ್ಸು 46. ಸೋತ ಇಬ್ಬರು ಹುಡುಗರೂ ತಾವೇ ಗೆದ್ದಷ್ಟು ಸಂತೋಷಪಟ್ಟು ಆತನನ್ನು ಅಭಿನಂದಿಸಿದರು.

ನನಗೆ ಬಹಳ ಹಿಡಿಸುವುದು ಆಮೇಲಿನ ಸಂಗತಿ. ಆತ ಬೀಗಲಿಲ್ಲ. ಎಷ್ಟೋ ರಾತ್ರಿ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಆ ತಿರುವುಗಳು, ಅಲ್ಲಿ ತಾನು ತೆಗೆದುಕೊಂಡ ಅಪಾಯ ಎದುರು ಬರುತ್ತಿದ್ದವು. ಹಾಗೆ ಹಿಂದೆಂದೂ ಓಡಿಸಿರಲಿಲ್ಲ, ಮುಂದೆಂದೂ ಓಡಿಸಲಾರೆ ಎಂದು ಒಪ್ಪಿಕೊಂಡ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆತನ ಕೊನೆಯ ಗೆಲುವು ಅದೇ.

ಊರಿಗೆ ಮರಳಿದ್ದು

1958ರ ಫೆಬ್ರುವರಿಯಲ್ಲಿ ಕ್ಯೂಬಾದ ಹವಾನಾದಲ್ಲಿ ಪಂದ್ಯದ ಹಿಂದಿನ ದಿನ ಫಿಡೆಲ್ ಕ್ಯಾಸ್ಟ್ರೊನ ಬಂಡಾಯಗಾರರು ಆತನನ್ನು ಹೋಟೆಲಿನಿಂದ ಅಪಹರಿಸಿದರು. ಸರ್ಕಾರದ ಮುಖಕ್ಕೆ ಮಸಿ ಬಳಿಯುವುದಷ್ಟೇ ಅವರ ಉದ್ದೇಶವಾಗಿತ್ತು. ಮರ್ಯಾದೆಯಿಂದ ನೋಡಿಕೊಂಡು, ಪಂದ್ಯ ಮುಗಿದ ಮೇಲೆ ಬಿಟ್ಟರು. ಆ ಪಂದ್ಯದಲ್ಲಿ ಕಾರೊಂದು ಜನರ ಮೇಲೆ ನುಗ್ಗಿ ಹಲವರು ಸತ್ತಿದ್ದರು.

ಅದೇ ವರ್ಷ ಜುಲೈ 6ರಂದು ಫ್ರಾನ್ಸಿನ ರೀಮ್ಸ್‌ನಲ್ಲಿ ಕೊನೆಯ ಸಲ ಓಡಿಸಿದ. ಓಟದ ನಡುವೆಯೇ, ಇಲ್ಲಿ ನಾನೇನು ಮಾಡುತ್ತಿದ್ದೇನೆ ಎಂಬ ಪ್ರಶ್ನೆ ಹುಟ್ಟಿತು. ಮುಂದಿದ್ದ ಹಾಥಾರ್ನ್ ಆತನನ್ನು ಒಂದು ಸುತ್ತು ಹಿಂದೆ ಹಾಕಬಹುದಿತ್ತು. ಗುರುವನ್ನು ಹಾಗೆ ದಾಟುವುದು ಬೇಡವೆಂದು ವೇಗ ಇಳಿಸಿ ಹಿಂದೆಯೇ ಬಂದ. ಫ್ಯಾಂಜಿಯೊ ನಾಲ್ಕನೆಯವನಾಗಿ ಮುಗಿಸಿ ಕಾರಿನಿಂದ ಇಳಿದ. ಅಂದಿನ ಓಟದಲ್ಲೇ ಲುಯಿಜಿ ಮುಸ್ಸೊ ಸತ್ತ. ಮರುತಿಂಗಳು ಕಾಲಿನ್ಸ್ ಸತ್ತ. 1959ರ ಜನವರಿಯಲ್ಲಿ ಹಾಥಾರ್ನ್ ಸತ್ತದ್ದು ಪಂದ್ಯದಲ್ಲಲ್ಲ, ಸಾಮಾನ್ಯ ರಸ್ತೆಯಲ್ಲಿ. ಅಷ್ಟು ಹೊತ್ತಿಗೆ ಅವನೂ ಪಂದ್ಯಗಳಿಗೆ ವಿದಾಯ ಹೇಳಿದ್ದ.

51 ಪಂದ್ಯಗಳಲ್ಲಿ 24 ಗೆಲುವು, ಐದು ಚಾಂಪಿಯನ್ ಪಟ್ಟ. ಐದರ ದಾಖಲೆ 2003ರವರೆಗೆ, ಶೂಮಾಕರ್ ಆರನೆಯದು ಗೆಲ್ಲುವವರೆಗೆ ನಿಂತಿತ್ತು. ಇದೆಲ್ಲ ಮುಗಿದ ಮೇಲೆ ಆತ ಅರ್ಜೆಂಟೀನಾದಲ್ಲಿ ಮರ್ಸಿಡಿಸ್ ಗಾಡಿಗಳ ವ್ಯಾಪಾರ ನೋಡಿಕೊಂಡ. 1986ರಲ್ಲಿ ಬಾಲ್ಕಾರ್ಸೆಯಲ್ಲಿ ಆತನ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ಒಂದು ಕಾಲಕ್ಕೆ ಚಂದಾ ಎತ್ತಿ ಕಾರು ಕೊಡಿಸಿದ ಊರಿಗೆ ಹೊರಗೆ ಗಳಿಸಿದ್ದೆಲ್ಲ ಮರಳಿ ಬಂತು. 1995ರ ಜುಲೈ 17ರಂದು, 84ನೇ ವಯಸ್ಸಿನಲ್ಲಿ ಹಾಸಿಗೆಯ ಮೇಲೆ ತೀರಿಕೊಂಡ. ಮಣ್ಣಾದದ್ದು ಬಾಲ್ಕಾರ್ಸೆಯಲ್ಲೇ.

ಕತೆ ಕೇಳಿದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಮ್ಮ ಕೆಲಸದ ಲೆಕ್ಕವನ್ನೇ ಅವನ ಮುಂದಿಟ್ಟೆ. 80ರಿಂದ 120ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟು. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರ ಎರಡೂಕಾಲು ಪಟ್ಟು. 120ರಲ್ಲಿ ಒಂದು ಸೆಕೆಂಡು ರೆಪ್ಪೆ ಮುಚ್ಚಿದರೆ ಗಾಡಿ 33 ಮೀಟರ್ ಮುಂದಿರುತ್ತದೆ, ಓಡಿಸುವವರಿಲ್ಲದೆ. ಇದನ್ನು ನಾವಿಬ್ಬರೂ ದಿನಾ ಯಂತ್ರದ ಪರದೆಯ ಮೇಲೆ ನೋಡುವವರು. ಆದರೂ ಶುಕ್ರವಾರ ರಾತ್ರಿ ಮರೆಯುತ್ತೇವೆ.

ಹೋದ ವಾರ ಅವನು ಊರಿಗೆ ಹೊರಟದ್ದು ಶನಿವಾರ ಬೆಳಗ್ಗೆ, ಮಲಗಿ ಎದ್ದ ಮೇಲೆ. ಸೋಮವಾರ ಬಂದಾಗ ಎಷ್ಟು ತಾಸು ಹಿಡಿಯಿತು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮೇಜಿನ ಮೇಲೆ ಬಿಚ್ಚಿಟ್ಟ.